ಕಂತು ಎಲ್ಲಿಂದ ಬಂತು ಅಂತ ಕೇಳಿದ ದಿನ

ನಮ್ಮ ಸ್ವಸಹಾಯ ಸಂಘದ ಸಾಲದ ಪುಸ್ತಕದಲ್ಲಿ ತರಕಾರಿ ಮಾರುವ ಅಕ್ಕನ ಪುಟ ಎಲ್ಲರದಕ್ಕಿಂತ ಚೆನ್ನಾಗಿತ್ತು. ಸಾಲ 5,000. ತಿಂಗಳಿಗೆ 1,000 ಅಸಲು, ಜೊತೆಗೆ ಬಡ್ಡಿ. ಒಂದು ಕಂತೂ ತಪ್ಪಿರಲಿಲ್ಲ. ಐದನೇ ಕಂತು, ಅಂದರೆ ಕೊನೆಯ ಕಂತು ತಂದ ದಿನ ನಾನು ಸುಮ್ನೆ ಕೇಳಿದೆ, "ವ್ಯಾಪಾರ ಚಲೋ ನಡದೈತೇನ್ರಿ?"

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಅಂದರು, "ಅಕ್ಕಾರ, ಇದು ವ್ಯಾಪಾರದ ರೊಕ್ಕ ಅಲ್ರಿ. ಮುಂಜಾನಿ ರೊಕ್ಕ ಕೊಡಾವರ ಹತ್ರ ಇಸಗೊಂಡ ಬಂದೀನಿ."

ಬೆಳಗ್ಗೆ 900 ಕೊಟ್ಟು ಸಂಜೆ 1,000 ವಸೂಲಿ ಮಾಡುವವರು ಅವರು. ಅಂಥವರ ಕೈಯಿಂದ ಬಿಡಿಸಿಕೊಳ್ಳಬೇಕು ಅಂತಲೇ ನಾವು ಸಂಘ ಕಟ್ಟಿದ್ದು. ನಮ್ಮ ಕಂತು ಕಟ್ಟಲು ಆಕೆ ಮತ್ತೆ ಅಲ್ಲಿಗೇ ಹೋಗಿದ್ದರು. ನನ್ನ ಪುಸ್ತಕದಲ್ಲಿ ಮಾತ್ರ ಬಾಕಿ ಸೊನ್ನೆ.

ಮನೆಗೆ ಬಂದು ಹದಿನಾಲ್ಕೂ ಜನರ ಪುಟ ತಿರುವಿ ನೋಡಿದೆ. ಎಷ್ಟು ಕಟ್ಟಿದರು, ಯಾವತ್ತು ಕಟ್ಟಿದರು, ಎಷ್ಟು ಉಳಿಯಿತು, ಎಲ್ಲ ಇತ್ತು. ಕಟ್ಟಿದ ಹಣ ಎಲ್ಲಿಂದ ಬಂತು ಅಂತ ಬರೆಯಲು ಜಾಗವೇ ಇರಲಿಲ್ಲ. ಇದು 2014ರ ಮಾತು.

ನಾನು ಗದಗ-ಬೆಟಗೇರಿಯಲ್ಲಿ ಹನ್ನೊಂದು ವರ್ಷ ಪಿಗ್ಮಿ, ಅಂದರೆ ದಿನದ ಸಣ್ಣ ಉಳಿತಾಯ, ಅಂಗಡಿ ಅಂಗಡಿಗೆ ಹೋಗಿ ತುಂಬಿಸಿಕೊಂಡು ಓಡಾಡಿದವಳು. ಸಿಂಡಿಕೇಟ್ ಬ್ಯಾಂಕ್ ಕಟ್ಟಿದ ಟಿ.ಎಂ.ಎ. ಪೈ ಅವರು 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಶುರು ಮಾಡಿದ ಪದ್ಧತಿ ಅದು. ಇವತ್ತಿಗೂ ನಮ್ಮ ಕಡೆ ಸಣ್ಣ ಅಂಗಡಿಯವರ ಉಳಿತಾಯ ಅಂದರೆ ಪಿಗ್ಮಿ ಮತ್ತು ಭಿಶಿ, ಅಂದರೆ ಎಲ್ಲರೂ ದುಡ್ಡು ಹಾಕಿ ಸರದಿಯಂತೆ ಎತ್ತುವ ಚೀಟಿ. ದಿನಾ ಸಂಜೆ ಗಲ್ಲಾಪೆಟ್ಟಿಗೆ ತೆಗೆಯುವ ಹೊತ್ತಿಗೆ ಹೋಗಿ ನಿಲ್ಲುತ್ತಿದ್ದೆ. ಯಾರ ಕೈ ಯಾವ ವಾರ ಬಿಗಿ, ಯಾರಿಗೆ ಯಾವ ಹಬ್ಬಕ್ಕೆ ವ್ಯಾಪಾರ, ನನಗೆ ಗೊತ್ತಾಗುತ್ತಿತ್ತು. ದಿನಾ 20 ರೂಪಾಯಿ ತಪ್ಪದೆ ಕಟ್ಟುವ ಹೆಂಗಸಿಗೆ 5,000 ಸಾಲ ಹುಟ್ಟುತ್ತಿರಲಿಲ್ಲ. ಅಂಗಡಿಗೆ ಲೈಸೆನ್ಸ್ ಇಲ್ಲ, ಮನೆ ಬಾಡಿಗೆಯದು, ಜಾಮೀನಿಗೆ ಯಾರೂ ಇಲ್ಲ. ಅದನ್ನು ನೋಡಿ ನೋಡಿ ಸಂಕಟವಾಗುತ್ತಿತ್ತು.

2013ರಲ್ಲಿ ಹದಿನಾಲ್ಕು ಜನ ಸೇರಿದೆವು. ರೊಟ್ಟಿ ಬಡಿಯುವವರು, ಮಿರ್ಚಿ ಕರಿಯುವವರು, ತರಕಾರಿ, ಬಳೆ, ಹೊಲಿಗೆ, ಮಗ್ಗದ ಮನೆಗೆ ನೂಲು ಸುತ್ತುವವರು. ವಾರಕ್ಕೆ ತಲೆಗೆ 50 ರೂಪಾಯಿ. "ಐವತ್ತು ರೂಪಾಯಿದಾಗ ಏನಾಕ್ಕೈತ್ರಿ?" ಅಂತ ಒಬ್ಬರು ಕೇಳಿದ್ದರು. ನಾನು ಕಣಗಿನಹಾಳದ ಹೆಸರು ಹೇಳಿದೆ. ನಮ್ಮದೇ ಗದಗ ತಾಲ್ಲೂಕಿನ ಹಳ್ಳಿ. ದೇಶಕ್ಕೇ ಮೊದಲಿನದು ಅನ್ನುವ ಕೃಷಿ ಪತ್ತಿನ ಸಹಕಾರ ಸಂಘವನ್ನು 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು ಅಲ್ಲೇ. ಅವರ ಹತ್ತಿರ ಇದ್ದದ್ದೂ ಊರವರ ದುಡ್ಡು, ಊರವರ ಪರಿಚಯ. ಕೇಳಿದವರು ಮರುವಾರ ಐವತ್ತು ತಂದರು.

ವಾರಕ್ಕೆ 700 ಕೂಡಿತು. ಆರು ತಿಂಗಳಿಗೆ 18,200. ಗ್ರಾಮೀಣ ಸಾಲ ನೋಡಿಕೊಳ್ಳುವ ನಬಾರ್ಡ್ ಬ್ಯಾಂಕು 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಶುರು ಮಾಡಿದಾಗಿನಿಂದ ನಡೆದುಬಂದ ಐದು ಕಟ್ಟುಪಾಡುಗಳನ್ನು ನಾವೂ ಹಿಡಿದೆವು. ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಗೇ ಸಾಲ, ಸಮಯಕ್ಕೆ ಮರುಪಾವತಿ, ಸರಿಯಾದ ಲೆಕ್ಕ. ಆಮೇಲೆ ಬ್ಯಾಂಕಿನಿಂದಲೂ ಸಾಲ ಸಿಕ್ಕಿತು. ಆ ಕಥೆ ಎಲ್ಲ ಸಂಘದ್ದೂ ಒಂದೇ, ಇಲ್ಲಿ ಬೇಡ.

ತರಕಾರಿ ಅಕ್ಕನ ವಿಷಯಕ್ಕೆ ಬರುತ್ತೇನೆ. ಮರುದಿನ ನಸುಕಿನಲ್ಲೇ ಅವರ ಜೊತೆ ಮಾರುಕಟ್ಟೆಗೆ ಹೋದೆ. ರಾತ್ರಿ ಗಾಡಿ ಮುಚ್ಚುವವರೆಗೂ ಜೊತೆಗೆ ಕೂತೆ. ಪಟ್ಟಿ ಹೀಗೆ ಬಂತು. ಮಾಲು 2,500ರದ್ದು. ಬಾಡಿದ್ದು ಕೊಳೆತದ್ದು ಕಳೆದು ಕೈಗೆ ಬಂದದ್ದು 3,100. ಆಟೊ ಬಾಡಿಗೆ 100. ಉಳಿಯಬೇಕಾದ್ದು 500. ಆದರೆ ಆಕೆಯ ಸ್ವಂತ ಬಂಡವಾಳ 700 ಮಾತ್ರ. ಉಳಿದ 1,800 ಬೆಳಗಿನ ಸಾಲ, ಸಂಜೆ 2,000 ಕೊಡಬೇಕು. ಹಾಗಾಗಿ ಮನೆಗೆ 300. ದಿನಕ್ಕೆ 200 ಬಡ್ಡಿ ಅಂದರೆ 26 ದಿನದ ವ್ಯಾಪಾರಕ್ಕೆ 5,200. ನಾವು ಕೊಟ್ಟ ಇಡೀ ಸಾಲಕ್ಕಿಂತ ಜಾಸ್ತಿ. ಅದನ್ನು ಅವರು ಒಂದೇ ತಿಂಗಳಲ್ಲಿ ಬಡ್ಡಿ ಅಂತ ಕೊಡುತ್ತಿದ್ದರು!

ಹಾಗಾದರೆ ನಮ್ಮ 5,000 ಬಂದ ಮೇಲೆ ಆ ಬಡ್ಡಿ ಉಳಿಯಬೇಕಿತ್ತು ಅಲ್ವಾ? ಮೊದಲ ತಿಂಗಳು ಉಳಿಯಿತು. ಆದರೆ ದಿನಾ ಉಳಿದ 200 ದಿನಾ ಮನೆಗೆ ಹೋಯಿತು. ಮಗಳ ಶಾಲೆ, ಅತ್ತೆಯ ಗುಳಿಗೆ, ಎಣ್ಣೆ, ಅಕ್ಕಿ. ಅದು ತಪ್ಪು ಖರ್ಚಲ್ಲ. ತಿಂಗಳ ಕೊನೆಗೆ ನಾವು ಸಾವಿರ ಕೇಳಿದಾಗ ಅವರು ಬಂಡವಾಳದಿಂದ ತೆಗೆದು ಕೊಟ್ಟರು. ಮರುದಿನ ಮಾಲು ಕಡಿಮೆ ತಂದರು. ಮುಂದಿನ ತಿಂಗಳು ಇನ್ನೂ ಕಡಿಮೆ. ಐದನೇ ತಿಂಗಳಿಗೆ ಅವರು ಹೊರಟ ಜಾಗಕ್ಕೇ ವಾಪಸ್ಸು ಬಂದಿದ್ದರು.

ದಿನಾ ಗಳಿಸುವವರಿಗೆ ತಿಂಗಳ ಕಂತು ಹಾಕಿದ್ದು ನಮ್ಮ ತಪ್ಪು. ಸಂಬಳದವರ ಲೆಕ್ಕವನ್ನು ಗಾಡಿಯವರ ತಲೆಗೆ ಕಟ್ಟಿದ್ದೆವು. ಹನ್ನೊಂದು ವರ್ಷ ದಿನಾ ಪಿಗ್ಮಿ ತುಂಬಿಸಿಕೊಂಡ ನನಗೇ ಇದು ಹೊಳೆಯಲಿಲ್ಲ ಅನ್ನುವ ನೋವು ಇನ್ನೂ ಇದೆ.

ಎರಡನೇ ಸಲ ಅದೇ 5,000 ಕೊಟ್ಟೆವು. ಈ ಸಲ ದಿನಕ್ಕೆ 100 ರೂಪಾಯಿ, ತಗಡಿನ ಡಬ್ಬಿಗೆ. ಅದರಲ್ಲಿ 60 ಸಂಘದ ಸಾಲಕ್ಕೆ, 40 ಅವರದೇ ಬಂಡವಾಳಕ್ಕೆ. ಪಕ್ಕದ ಮಿರ್ಚಿ ಗಾಡಿಯ ಅಕ್ಕನೂ ನಮ್ಮ ಸದಸ್ಯೆ. ಸಂಜೆ ಇಬ್ಬರೂ ಒಬ್ಬರ ಕಾರ್ಡಿಗೆ ಒಬ್ಬರು ಗೆರೆ ಎಳೆಯುತ್ತಿದ್ದರು. ಮಳೆಗೆ ಗಾಡಿ ಹಾಕದ ದಿನ ಗೆರೆಯಿಲ್ಲ, ದಂಡವೂ ಇಲ್ಲ. 86 ಗೆರೆಗೆ ಬಡ್ಡಿ ಸಮೇತ ಸಾಲ ತೀರಿತು. ಡಬ್ಬಿಯಲ್ಲಿ ಅವರ ಸ್ವಂತದ್ದು 3,440 ಉಳಿದಿತ್ತು. ಮುಂಜಾನೆ ರೊಕ್ಕದವರು ಮತ್ತೆ ಬಂದಾಗ "ಬ್ಯಾಡ್ರಿ" ಅಂದರಂತೆ. ಅದನ್ನು ಅವರು ನನಗೆ ಹೇಳಿದ್ದು ಒಂದು ಸಲವಲ್ಲ.

ಅಂದಿನಿಂದ ಸಾಲ ಕೇಳಿದವರ ಅಂಗಡಿಯಲ್ಲಿ ನಾವು ಇಬ್ಬರು ಹೋಗಿ ಒಂದು ದಿನ ಕೂರುತ್ತೇವೆ. ಅರ್ಜಿಗಿಂತ ಅದು ಮುಖ್ಯ. ದುಡ್ಡು ಯಾವತ್ತು ಬರುತ್ತದೆ, ಯಾವತ್ತು ಹೋಗುತ್ತದೆ, ಅಷ್ಟು ನೋಡಿದರೆ ಕಂತು ತಾನೇ ಗೊತ್ತಾಗುತ್ತದೆ.

ರೊಟ್ಟಿ ಅಕ್ಕ ಖಾನಾವಳಿಗಳಿಗೆ ಕಡಕ್ ರೊಟ್ಟಿ ಕೊಡುತ್ತಾರೆ. ಖಾನಾವಳಿಯವರು ವಾರಕ್ಕೊಮ್ಮೆ ಲೆಕ್ಕ ಮಾಡುತ್ತಾರೆ. ಹಾಗಾಗಿ ವಾರದ ಕಂತು. ಆದರೆ ಅವರ ನಿಜವಾದ ತೊಂದರೆ ಬೇರೆ ಇತ್ತು. ಹತ್ತು ಹತ್ತು ಕಿಲೋ ಜೋಳ ಅಂಗಡಿಯಿಂದ ತರುತ್ತಿದ್ದರು. ರೋಣ, ನರಗುಂದ ಕಡೆಯ ಹಿಂಗಾರಿ ಬಿಳಿಜೋಳ ಸುಗ್ಗಿಯಾಗಿ ಬರುವಾಗ ಬೆಲೆ ಇಳಿಯುತ್ತದೆ. ಆಗ ಕೈಯಲ್ಲಿ ಒಟ್ಟಿಗೆ ದುಡ್ಡು ಇರಬೇಕು. ನಾವು 12,000 ಕೊಟ್ಟೆವು. ಕ್ವಿಂಟಲ್‌ಗೆ 2,400ರಂತೆ ಐದು ಕ್ವಿಂಟಲ್ ತಂದು, ಬೇವಿನ ಎಲೆ ಹಾಕಿ ಕಟ್ಟಿಟ್ಟರು. ಶ್ರಾವಣದ ಹೊತ್ತಿಗೆ ಅಂಗಡಿಯಲ್ಲಿ ಅದೇ ಜೋಳ 3,000 ದಾಟಿತ್ತು. ಅದೇ ಸಾಲವನ್ನು ಶ್ರಾವಣದಲ್ಲಿ ಕೊಟ್ಟಿದ್ದರೆ ಏನೂ ಉಪಯೋಗವಾಗುತ್ತಿರಲಿಲ್ಲ.

ಬಳೆ ಅಕ್ಕನದ್ದು ಜಗಳವೇ ಆಯಿತು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಆಗ ಬಳೆ ವ್ಯಾಪಾರ. ಮಾಲು ತರಬೇಕಾದ್ದು ಆಷಾಢದಲ್ಲಿ, ಮದುವೆಯಿಲ್ಲ ಮುಂಜಿಯಿಲ್ಲ ಅನ್ನುವ ಕಾಲದಲ್ಲಿ. ಆಷಾಢದಲ್ಲಿ ಸಾಲ ಕೊಟ್ಟು ಪಂಚಮಿ ಮುಗಿಯುವ ತನಕ ಬಡ್ಡಿ ಮಾತ್ರ ತಗೊಳ್ಳೋಣ ಅಂದೆ. "ಅಸಲು ಕೇಳದ ಹ್ಯಾಂಗ ಬಿಡೂದ್ರಿ?" ಅಂತ ನಾಲ್ಕು ಜನ ಎದ್ದು ನಿಂತರು. ಅವರ ಭಯ ನ್ಯಾಯವಾದದ್ದು, ಅದು ಅವರದೇ ದುಡ್ಡು. ಎರಡು ಸಭೆ ಮಾತಾಡಿದೆವು. ಕೊನೆಗೆ ಮೊದಲ ವರ್ಷ ಅರ್ಧವೇ ಕೊಟ್ಟೆವು. ಪಂಚಮಿಯ ಮರುವಾರ ಅಸಲು ಬಂತು. ಎರಡನೇ ವರ್ಷ ಯಾರೂ ಎದ್ದು ನಿಲ್ಲಲಿಲ್ಲ.

ಎಲ್ಲ ಸರಿಹೋಯಿತು ಅಂತಲ್ಲ. ಹೊಲಿಗೆ ಮಿಷನ್‌ಗೆ ಅಂತ ಒಬ್ಬರು ತೆಗೆದ ಸಾಲ ಗಂಡನ ಬೈಕಿಗೆ ಹೋಯಿತು. ಸಾಲ ಅವಳ ಹೆಸರಲ್ಲಿ, ದುಡ್ಡು ಅವನ ಕೈಯಲ್ಲಿ, ಕಂತಿನ ಚಿಂತೆ ಮತ್ತೆ ಅವಳಿಗೆ. ಕೊನೆಗೆ ಅವರು ಊರು ಬಿಟ್ಟರು, 4,200 ಬರಲಿಲ್ಲ. ಸಭೆಯಲ್ಲಿ ಎಲ್ಲರೆದುರು ಅವರನ್ನು ನಿಲ್ಲಿಸಿ ಕೇಳಿದ್ದೆವು. ಹಾಗೆ ಮಾಡಬಾರದಿತ್ತು. ಈಗ ಕಂತು ತಪ್ಪಿದರೆ ಇಬ್ಬರು ಮಾತ್ರ ಮನೆಗೆ ಹೋಗಿ ಮಾತಾಡುತ್ತಾರೆ. ಮಾಲು ಕೊಳ್ಳುವಾಗ ಸಂಘದ ಒಬ್ಬರು ಜೊತೆಗೆ ಹೋಗುತ್ತಾರೆ.

ಬಡ್ಡಿಯ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ನಾವು ನೂರಕ್ಕೆ ತಿಂಗಳಿಗೆ ಒಂದೂವರೆ ಹಾಕುತ್ತೇವೆ, ವರ್ಷಕ್ಕೆ 18. "ಹೊರಗ ಬರೇ 12ಕ್ಕ ಕೊಡ್ತಾರಲ್ರಿ" ಅಂತ ಕೇಳುತ್ತಾರೆ. ಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಹೊರಗಿನ ಆ 12 ಫ್ಲಾಟ್ ಬಡ್ಡಿ. 10,000ಕ್ಕೆ ವರ್ಷಕ್ಕೆ 1,200, ಅರ್ಧ ಅಸಲು ತೀರಿದ ಮೇಲೂ ಪೂರ್ತಿ ಹತ್ತು ಸಾವಿರದ ಮೇಲೇ ಬಡ್ಡಿ. ನಮ್ಮದು ಉಳಿದ ಅಸಲಿಗೆ ಮಾತ್ರ. ಹನ್ನೆರಡು ಸಮ ಭಾಗ ಮಾಡಿ ಕಟ್ಟಿದರೆ ವರ್ಷಕ್ಕೆ 975. ಆ 975 ಕೂಡ ಸಂಘದೊಳಗೇ ಉಳಿಯುತ್ತದೆ. ನೂರು ದಿನ ನೂರು ರೂಪಾಯಿ ಕಟ್ಟಿ ಅಂತ ಹತ್ತು ಸಾವಿರ ಬರೆಸಿಕೊಂಡು ಕೈಗೆ 8,500 ಕೊಡುವ ಸಾಲವಿದೆಯಲ್ಲ, ಅದನ್ನು ಬಿಡಿಸಿದರೆ ತಿಂಗಳಿಗೆ ಹತ್ತಿರ ಹತ್ತಿರ ಹತ್ತರ ಬಡ್ಡಿ. 'ಬಡ್ಡಿ ಎಷ್ಟು' ಅಂತ ಕೇಳಬೇಡಿ, 'ಕೈಗೆ ಎಷ್ಟು, ಒಟ್ಟು ವಾಪಸ್ಸು ಎಷ್ಟು, ಎಷ್ಟು ದಿನಕ್ಕೆ' ಅಂತ ಕೇಳಿ ಅಂತ ಎಲ್ಲರಿಗೂ ಹೇಳುತ್ತೇನೆ.

2020ರ ಲಾಕ್‌ಡೌನ್‌ನಲ್ಲಿ ಗಾಡಿಗಳೆಲ್ಲ ನಿಂತವು. ಬೀದಿ ವ್ಯಾಪಾರಿಗಳಿಗೆ ಅಂತ ಆ ಜೂನ್‌ನಲ್ಲಿ ಬಂದ ಕೇಂದ್ರದ ಪಿಎಂ ಸ್ವನಿಧಿ ಯೋಜನೆಯ 10,000 ಸಾಲ ನಮ್ಮ ಐದು ಜನರಿಗೆ ಸಿಕ್ಕಿತು, ಸರಿಯಾಗಿ ಕಟ್ಟಿದರೆ ನೂರಕ್ಕೆ 7ರಷ್ಟು ಬಡ್ಡಿ ವಾಪಸ್ಸು. ಸಂಘ ಆಗ ಅಸಲು ಕೇಳುವುದನ್ನು ನಿಲ್ಲಿಸಿತ್ತು.

ನಿಜವಾಗಿ ಎದೆ ಹಿಂಡಿದ್ದು 2025ರ ಜನವರಿ. ಮನೆ ಮನೆಗೆ ಸಣ್ಣ ಸಾಲ ಕೊಡುವ ಮೈಕ್ರೋ ಫೈನಾನ್ಸ್ ಕಂಪನಿಗಳ ವಸೂಲಿಯವರ ಕಾಟದ ಸುದ್ದಿ ದಿನಾ ಬರುತ್ತಿತ್ತು, ಪಕ್ಕದ ಹಾವೇರಿಯಿಂದಲೂ ಬಂತು. ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಆ ಕಾಟ ತಡೆಯಲು ಸುಗ್ರೀವಾಜ್ಞೆ ತಂದಿತು. ನಮ್ಮ ಸಂಘದಲ್ಲೂ ಮೂವರು ಹೊರಗಡೆ ಎರಡು ಮೂರು ಕಡೆ ಸಾಲ ತೆಗೆದಿದ್ದರು, ನಮಗೆ ಹೇಳಿರಲಿಲ್ಲ. ನಾಚಿಕೆಯಿಂದ ಮುಚ್ಚಿಟ್ಟಿದ್ದರು. ಒಬ್ಬರ ಮನೆಯ ತಿಂಗಳ ಆದಾಯ 14,000, ಎಲ್ಲ ಕಂತು ಸೇರಿ 9,400. ಮೈಕ್ರೋ ಫೈನಾನ್ಸ್ ಸಾಲಕ್ಕೆ ರಿಸರ್ವ್ ಬ್ಯಾಂಕ್ 2022ರಲ್ಲಿ ಮಾಡಿದ ನಿಯಮದಂತೆ ಕಂತುಗಳ ಒಟ್ಟು ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ಬೆಳಗ್ಗೆ 9ರ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಮುಂಚೆಯೇ ತೀರಿಸಿದರೆ ದಂಡವಿಲ್ಲ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಸಭೆಯ ಗೋಡೆಗೆ ಅಂಟಿಸಿದೆವು. ಆ ಅಕ್ಕನ ಒಂದು ಸಾಲವನ್ನು ಸಂಘವೇ ತೀರಿಸಿತು. ಇನ್ನೊಂದಕ್ಕೆ ಅವಧಿ ಹೆಚ್ಚಿಸಲು ನಾವು ಮೂವರು ಅವರ ಜೊತೆ ಹೋಗಿ ಕೇಳಿದೆವು. ಒಬ್ಬರೇ ಹೋದಾಗ ಸಿಗದ ಮಾತು ಮೂವರು ಹೋದಾಗ ಸಿಕ್ಕಿತು.

ಪುಸ್ತಕಕ್ಕೆ 2014ರಲ್ಲೇ ಒಂದು ಕಾಲಂ ಸೇರಿಸಿದ್ದೆ, 'ಎಲ್ಲಿಂದ' ಅಂತ. ಕಂತು ತಂದವರು ಬಾಯಲ್ಲಿ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಮಿರ್ಚಿ, ರೊಟ್ಟಿ, ಬ್ಲೌಸು, ಸೊಪ್ಪು, ಹೀಗೆ. ಈ ವಾರ ಹೊಸದಾಗಿ ಸೇರಿದ ಗಿರ್ಮಿಟ್ ಗಾಡಿಯ ಹುಡುಗಿ ಕಂತನ್ನು ಒಂದು ದಿನ ಮೊದಲೇ ತಂದಳು. ಎಲ್ಲಿಂದ ಅಂದಿದ್ದಕ್ಕೆ "ತಮ್ಮನ ಹತ್ರ" ಅಂದಳು. ಹಾಗೇ ಬರೆದುಕೊಂಡೆ. ನಾಳೆ ಸಂಜೆ ತರಕಾರಿ ಅಕ್ಕನನ್ನು ಕರೆದುಕೊಂಡು ಅವಳ ಗಾಡಿಯ ಹತ್ತಿರ ಹೋಗಿ ಕೂರಬೇಕು.