ಬ್ಲೇನಾವನ್ ಕಾರ್ಖಾನೆಯನ್ನು ಅಳೆದು ಬರೆದದ್ದು: ನನ್ನ ಅನುಭವ

ಹಳೆಯ ಕಟ್ಟಡಗಳ ದುರಸ್ತಿ ಕಲಿಯಲು ವೇಲ್ಸ್‌ಗೆ ಬಂದ ಮೇಲೆ, ಅಳತೆ ನಕ್ಷೆ ಮಾಡಲು ನಾನು ಆರಿಸಿಕೊಂಡದ್ದು ಬ್ಲೇನಾವನ್. 1789ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ ಅದು. ಸುತ್ತಲಿನ ಗಣಿ, ಊರು ಎಲ್ಲ ಸೇರಿ 2000ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ನಾನು ಭದ್ರಾವತಿಯವಳು. ಅಪ್ಪ ಅಲ್ಲಿನ ಕಾರ್ಖಾನೆಯಲ್ಲೇ ದುಡಿದವರು. ಹಾಗಾಗಿ ಕೋಟೆ, ಚರ್ಚು ಎಲ್ಲ ಬಿಟ್ಟು ಇದರ ಮೇಲೇ ಮನಸ್ಸಾಯಿತು.

ಮೊದಲ ಎರಡು ದಿನ ಅಂಗಳದಲ್ಲಿ ನಿಂತು ಮುಂಭಾಗವನ್ನಷ್ಟೇ ಬರೆದೆ. ಕುಲುಮೆಗಳ ಕಲ್ಲುಗೋಡೆ, ಎರಕದ ಮನೆಯ ಕಮಾನು, ಪಕ್ಕದಲ್ಲಿ ಎತ್ತರದ ಗೋಪುರ. ನಕ್ಷೆ ಚೆನ್ನಾಗಿ ಬಂತು ಅಂತ ಖುಷಿಯಿಂದ ಅಪ್ಪನಿಗೆ ಕಳಿಸಿದೆ. ಅವರು ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಅದಿರು ಮೇಲಿಂದಾನೇ ಅಲ್ವೇನಮ್ಮಾ ಹಾಕೋದು? ಅಷ್ಟೆತ್ತರಕ್ಕೆ ಹೇಗೆ ಒಯ್ತಿದ್ರು?"

ನನ್ನ ನಕ್ಷೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಮುಂದಿನ ಸಲ ಅನುಮತಿ ಪಡೆದು ಹಿಂದಿನ ದಿಬ್ಬ ಹತ್ತಿದೆ. ಹಿಂದೆ ಗುಡ್ಡ ಇದೆ ಅಂತ ಗೊತ್ತಿತ್ತು. ಆ ಗುಡ್ಡವೂ ಕಟ್ಟಡದ ಭಾಗವೇ ಅಂತ ಹೊಳೆದಿರಲಿಲ್ಲ. ಇಳಿಜಾರನ್ನು ಕಡಿದು, ಅದರ ಮೈಗೆ ಒತ್ತಿ ಕುಲುಮೆಗಳನ್ನು ಕಟ್ಟಿದ್ದಾರೆ. ಕುಲುಮೆಯ ಬಾಯಿ ಮೇಲಿನ ನೆಲದ ಮಟ್ಟಕ್ಕೇ ಸಿಗುತ್ತದೆ. ಅದಿರು, ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ), ಸುಣ್ಣದ ಕಲ್ಲು ಮೂರನ್ನೂ ಮೇಲಿಂದ ಸುರಿಯುತ್ತಿದ್ದರು. ಗಾಳಿ ಊದಲು ಉಗಿ ಯಂತ್ರ ಇತ್ತು. ಕರಗಿದ ಕಬ್ಬಿಣ ಕೆಳಗಿನ ಅಂಗಳದಲ್ಲಿ ಹರಿದು ಬರುತ್ತಿತ್ತು. ಇಂಥ ಕಟ್ಟಡಕ್ಕೆ ಮುಂಭಾಗದ ನಕ್ಷೆ ಸಾಲದು. ಗುಡ್ಡದ ಸಮೇತ ಸೀಳಿ ತೋರಿಸುವ ಸೆಕ್ಷನ್ ಬೇಕು.

ಕಷ್ಟ ಇದ್ದದ್ದು ಮೇಲಿನ ನೆಲ, ಕೆಳಗಿನ ನೆಲ ಎರಡಕ್ಕೂ ಒಂದೇ ಮಟ್ಟ ಹಿಡಿಯುವುದರಲ್ಲಿ. ಲೇಸರ್ ಇತ್ತು, ಆದರೆ ತಿರುವುಗಳಲ್ಲಿ ಗೋಡೆ ಅಡ್ಡ ಬರುತ್ತಿತ್ತು. ಕೊನೆಗೆ ನಮ್ಮೂರ ಗಾರೆ ಕೆಲಸದವರ ಹಾಗೆ ಪಾರದರ್ಶಕ ಪೈಪಿಗೆ ನೀರು ತುಂಬಿ ಟ್ಯೂಬ್ ಲೆವೆಲ್ ಮಾಡಿಕೊಂಡೆ. ಒಂದು ತುದಿ ಗೆಳತಿಯ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಪೈಪಿನಲ್ಲಿ ಗಾಳಿಗುಳ್ಳೆ ನಿಂತರೆ ಮಟ್ಟ ತಪ್ಪುತ್ತದೆ. ಅದನ್ನು ನೋಡದೆ ಒಂದು ಮಧ್ಯಾಹ್ನದ ಅಳತೆ ಪೂರ್ತಿ ಮತ್ತೆ ತೆಗೆಯಬೇಕಾಯಿತು. ಹಂತಕ್ಕೊಂದು ಸೀಮೆಸುಣ್ಣದ ಗುರುತು ಹಾಕುತ್ತಾ ಮೇಲೇರಿದೆವು.

ಹೊರಗೋಡೆಯ ಕಲ್ಲು ಹೋಗಿರುವ ಕಡೆ ಒಳಗಿನ ಇಟ್ಟಿಗೆ ಪದರ ಕಾಣುತ್ತದೆ. ನಾನು ಅಲ್ಲೇ ಜಾಸ್ತಿ ಹೊತ್ತು ಕೂತೆ. ಹೊರಗೆ ಭಾರ ಹೊರಲು ದಪ್ಪ ಕಲ್ಲು, ಒಳಗೆ ಬೆಂಕಿ ತಡೆಯಲು ಇಟ್ಟಿಗೆ. ಎರಡು ಕೆಲಸಕ್ಕೆ ಎರಡು ಗೋಡೆ!

ಆಮೇಲೆ ಗೋಪುರ. ಅದನ್ನು ಕಟ್ಟಿದ್ದು 1839ರಲ್ಲಿ. ಅಂಗಳದಲ್ಲಿ ತಯಾರಾದ ಬೀಡು ಕಬ್ಬಿಣ ಗುಡ್ಡದ ಮೇಲಿನ ಟ್ರಾಮ್ ಹಾದಿಗೆ, ಅಂದರೆ ಸರಕಿನ ಬಂಡಿಗಳ ಹಳಿಗೆ, ಏರಬೇಕಿತ್ತು. ತಕ್ಕಡಿಯ ಲೆಕ್ಕವೇ. ಎರಡು ತೊಟ್ಟಿಲು, ನಡುವೆ ಸರಪಳಿ, ಮೇಲೆ ರಾಟೆ. ಮೇಲಿರುವ ತೊಟ್ಟಿಲ ತೊಟ್ಟಿಗೆ ನೀರು ತುಂಬಿದರೆ ಅದು ಇಳಿಯುತ್ತದೆ, ಸರಕಿರುವ ತೊಟ್ಟಿಲು ಏರುತ್ತದೆ. ಕೆಳಗೆ ನೀರು ಚೆಲ್ಲಿದರೆ ಮತ್ತೆ ಶುರು. ರಾಟೆಯ ಭಾರ ಹೊರುವ ತುದಿಯ ಕಂಬಗಳು ಎರಕದ ಕಬ್ಬಿಣದವು. ಸುಮ್ನೆ ಯಂತ್ರಕ್ಕೆ ಕೊಟ್ಟ ಆಸರೆ ಅಂತ ಬಿಡದೆ, ದೇವಸ್ಥಾನದ ಕಂಬಗಳಷ್ಟು ಅಚ್ಚುಕಟ್ಟಾಗಿ ಮಾಡಿದ್ದಾರೆ. ಇಡೀ ಕಾರ್ಖಾನೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಕಾರ್ಮಿಕರ ಮನೆಗಳಿರುವ ಸ್ಟಾಕ್ ಸ್ಕ್ವೇರ್‌ನ ನೆಲನಕ್ಷೆ ಒಂದೇ ದಿನದಲ್ಲಿ ಮುಗಿಯಿತು. ಅಂಗಳದ ನಡುವಿದ್ದ ದೊಡ್ಡ ಚಿಮಣಿಯ ಬುಡ ಮಾತ್ರ ಈಗ ಉಳಿದಿದೆ.

ಸೆಕ್ಷನ್ ಮುಗಿಸಿ ಅಪ್ಪನಿಗೆ ಕಳಿಸಿದೆ. ತುಂಬಾ ಹೊತ್ತು ನೋಡಿರಬೇಕು, ಮರುದಿನ ಫೋನ್ ಬಂತು. "ಈಗ ಸರಿಯಾಯ್ತು ನೋಡಮ್ಮಾ. ಆದ್ರೆ ಚೆಲ್ಲಿದ ನೀರು ಎಲ್ಲಿಗೆ ಹೋಗ್ತಿತ್ತು?" ಗೋಪುರದ ಬುಡದಲ್ಲಿ ಆ ಕಾಲುವೆ ಹುಡುಕಲು ಶನಿವಾರ ಮತ್ತೆ ಹೋಗುತ್ತಿದ್ದೇನೆ.