‘ಕಷ್ಟವಾಗುತ್ತಿದೆ’ ಎಂದಷ್ಟೇ ಹೇಳಿದರೆ ಸಾಲದು

ನನಗೆ ಆಟಿಸಂ ಇದೆ ಎಂದು ತಿಳಿದದ್ದು ಹದಿನಾಲ್ಕನೇ ವಯಸ್ಸಿನಲ್ಲಿ. ಶಾಲೆಯನ್ನು ಒಳ್ಳೆಯ ಅಂಕಗಳೊಂದಿಗೇ ಮುಗಿಸಿದೆ. ಕಾಲೇಜು ಸೇರಿದ ಆರನೇ ವಾರಕ್ಕೆ ತರಗತಿಗೆ ಹೋಗುವುದನ್ನೇ ನಿಲ್ಲಿಸಿದೆ. ಪಾಠ ಅರ್ಥವಾಗದೆ ಅಲ್ಲ. ಬೆಳಿಗ್ಗೆ ಎದ್ದು ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಬರುತ್ತಿದ್ದೆ, ಅಲ್ಲಿಂದ ಮುಂದಕ್ಕೆ ಕಾಲು ಏಳುತ್ತಿರಲಿಲ್ಲ.

ಶಾಲೆಯಲ್ಲಿ ನನಗೆ ಎಷ್ಟು ಆಸರೆ ಇತ್ತು ಎಂಬುದು ಅದು ತಪ್ಪಿದ ಮೇಲೆಯೇ ತಿಳಿಯಿತು. ವರ್ಷವಿಡೀ ಒಂದೇ ಕೊಠಡಿ, ಒಂದೇ ಬೆಂಚು. ಗಂಟೆ ಹೊಡೆದರೆ ಮುಂದಿನ ಪಾಠ. ನಾಳೆ ಏನು ತರಬೇಕೆಂದು ಶಿಕ್ಷಕರೇ ಬರೆಸುತ್ತಿದ್ದರು, ಮನೆಯಲ್ಲಿ ಅಮ್ಮ ಅದನ್ನು ಓದುತ್ತಿದ್ದಳು. ಇದನ್ನು ಯಾರೂ ಸಹಾಯ ಎಂದು ಕರೆದಿರಲಿಲ್ಲ. ಕಾಲೇಜಿನಲ್ಲಿ ಇದಿಷ್ಟೂ ಒಂದೇ ದಿನ ಮಾಯವಾಯಿತು. ಪ್ರತಿ ವಿಷಯಕ್ಕೂ ಬೇರೆ ಕೊಠಡಿ. ಆ ಕೊಠಡಿಯೂ ಬದಲಾಗುತ್ತದೆ, ಬದಲಾದದ್ದು ಹೋದ ಮೇಲೆ ಗೊತ್ತಾಗುತ್ತದೆ. ಕಿರುಪರೀಕ್ಷೆ ಯಾವತ್ತು ಎಂಬುದನ್ನು ಉಪನ್ಯಾಸಕರು ಹೊರಗೆ ನಡೆಯುತ್ತಾ ಒಮ್ಮೆ ಹೇಳಿಬಿಡುತ್ತಾರೆ.

ಆಪ್ತಸಮಾಲೋಚಕಿಯ ಎದುರು ಕುಳಿತು ‘ಕಷ್ಟವಾಗುತ್ತಿದೆ’ ಎಂದೆ. ‘ಏನು ಕಷ್ಟ?’ ಎಂದು ಕೇಳಿದರು. ಉತ್ತರ ಬರಲಿಲ್ಲ. ಒಳಗಿನ ತಳಮಳಕ್ಕೆ ಹೆಸರು ಕೊಡುವುದು ಆಟಿಸಂ ಇರುವ ನಮ್ಮಲ್ಲಿ ಅನೇಕರಿಗೆ ಬಹಳ ಕಠಿಣ. ಅವರು ಅವಸರ ಮಾಡಲಿಲ್ಲ. ಒಂದು ನೋಟ್‌ಬುಕ್ ಕೊಟ್ಟು, ಮೂರು ವಾರ ನಾಲ್ಕೇ ಸಂಗತಿಗಳನ್ನು ಬರೆಯಲು ಹೇಳಿದರು: ಎಲ್ಲಿದ್ದೆ, ಎಷ್ಟು ಗಂಟೆ, ಏನು ನಡೆಯುತ್ತಿತ್ತು, ಆಮೇಲೆ ಏನು ಮಾಡಿದೆ. ಭಾವನೆ ಬರೆಯುವುದು ಬೇಡ ಎಂದರು. ನನಗೆ ಸಿಕ್ಕ ಸಲಹೆಗಳಲ್ಲೆಲ್ಲ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಜನರ ಗುಂಪೇ ನನ್ನ ತೊಂದರೆ ಎಂದು ನಾನು ನಂಬಿದ್ದೆ. ನೋಟ್‌ಬುಕ್ ಬೇರೆಯೇ ಹೇಳಿತು. ಆ ಮೂರು ವಾರಗಳಲ್ಲಿ 11 ಸಲ ಅರ್ಧಕ್ಕೇ ಮನೆಗೆ ಮರಳಿದ್ದೆ. ಅದರಲ್ಲಿ 9 ಸಲ ಎರಡು ತರಗತಿಗಳ ನಡುವಿನ ಖಾಲಿ ಗಂಟೆಯ ನಂತರ. ಉಳಿದವರಿಗೆ ವಿರಾಮವಾದ ಆ ಹೊತ್ತು ನನಗೆ ಎಲ್ಲಿ ನಿಲ್ಲಬೇಕು, ಯಾರನ್ನು ನೋಡಬೇಕು ಎಂದು ತಿಳಿಯದ ಗಂಟೆ. ಕಾರಿಡಾರಿನ ಗದ್ದಲದಲ್ಲಿ ನಿಂತೇ ಅರ್ಧ ಶಕ್ತಿ ಸೋರಿಹೋಗುತ್ತಿತ್ತು. ಎರಡನೆಯ ಕಾರಣ, ಮಿನುಗುತ್ತಾ ಗುಂಯ್‌ಗುಡುವ ಟ್ಯೂಬ್‌ಲೈಟ್ ಇದ್ದ ಒಂದು ಕೊಠಡಿ. ಅದನ್ನು ಹೇಳಿಕೊಳ್ಳಲು ನಾಚಿಕೆಪಡುತ್ತಿದ್ದೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೇ ಆವೃತ್ತಿಯಲ್ಲಿ ಬೆಳಕು, ಸದ್ದು, ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆ ಸ್ಪಂದಿಸುವುದೂ ಆಟಿಸಂನ ಲಕ್ಷಣಗಳಲ್ಲಿ ಒಂದಾಗಿದೆ ಎಂದು ಆಪ್ತಸಮಾಲೋಚಕಿ ತೋರಿಸಿದ ಮೇಲೆ ನಾಚಿಕೆ ಬಿಟ್ಟೆ.

ಆಮೇಲೆ ಇಬ್ಬರೂ ಕುಳಿತು ಉಪನ್ಯಾಸಕರಿಗೆ ಒಂದು ಪುಟದ ಪತ್ರ ಬರೆದೆವು. ನನ್ನ ಸ್ಥಿತಿಯ ವಿವರಣೆ ಎರಡೇ ಸಾಲು. ಉಳಿದದ್ದೆಲ್ಲ ಬೇಡಿಕೆ, ಒಂದೊಂದಕ್ಕೂ ಸ್ಥಳ, ಹೊತ್ತು, ಅಳತೆ. ಬಾಗಿಲ ಪಕ್ಕದ ಆಸನ ಮತ್ತು ಅನುಮತಿ ಕೇಳದೆ ಐದು ನಿಮಿಷ ಹೊರಗೆ ಹೋಗಿಬರುವ ಅವಕಾಶ. ಕೊಠಡಿ ಬದಲಾದರೆ ಹಿಂದಿನ ಸಂಜೆಯೇ ಸಂದೇಶ. ಕೊಟ್ಟ ಕೆಲಸದ ಬರಹರೂಪ: ಎಷ್ಟು ಪುಟ, ಯಾವ ದಿನಾಂಕ, ಯಾವುದಕ್ಕೆ ಅಂಕ. ಪರೀಕ್ಷೆಗೆ ಸಣ್ಣ ಕೊಠಡಿ. ‘ಸ್ವಲ್ಪ ಸಹಕರಿಸಿ’ ಎಂದು ಬರೆದಿದ್ದರೆ ಎಲ್ಲರೂ ಒಪ್ಪುತ್ತಿದ್ದರು, ಯಾರಿಗೂ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

ಹೆಚ್ಚಿನವರು ಅಂದೇ ಒಪ್ಪಿದರು. ಒಬ್ಬ ಉಪನ್ಯಾಸಕರು ಮಾತ್ರ, ‘ಅಂಕ ಚೆನ್ನಾಗಿದೆ, ನೋಡಿದರೆ ಗೊತ್ತೇ ಆಗುವುದಿಲ್ಲ, ಇದೆಲ್ಲ ಯಾಕೆ?’ ಎಂದರು. ಗೊತ್ತಾಗದಂತೆ ಇರುವುದೇ ನನ್ನ ದಿನದ ಅತಿ ಭಾರವಾದ ಕೆಲಸವಾಗಿತ್ತು. ಕಣ್ಣಿಗೆ ಕಣ್ಣು ಕೊಡುವುದು, ಸರಿಯಾದ ಹೊತ್ತಿಗೆ ನಗುವುದು, ಕೈ ಆಡಿಸದಂತೆ ಹಿಡಿದುಕೊಳ್ಳುವುದು: ಇವನ್ನೆಲ್ಲ ಎಣಿಸಿ ಎಣಿಸಿ ಮಾಡಿದ ಮೇಲೆ ಪಾಠ ಕೇಳಲು ಉಳಿಯುವುದು ಎಷ್ಟು? ಇದನ್ನೇ ಅವರಿಗೆ ಬರೆದು ತಿಳಿಸಿದೆ. ಆಪ್ತಸಮಾಲೋಚಕಿ ಅದರ ಕೆಳಗೆ ಒಂದು ಸಾಲು ಸೇರಿಸಿದರು: ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಉನ್ನತ ಶಿಕ್ಷಣದಲ್ಲೂ ಇಂಥ ಹೊಂದಾಣಿಕೆಗಳನ್ನು ಒದಗಿಸಬೇಕೆನ್ನುತ್ತದೆ. ಮರುವಾರ ಬಾಗಿಲ ಪಕ್ಕದ ಆಸನ ಖಾಲಿಯಿತ್ತು.

ಖಾಲಿ ಗಂಟೆಗಳನ್ನು ನಾನೇ ತುಂಬಿಸಿಕೊಂಡೆ. ಗ್ರಂಥಾಲಯದ ಮೂಲೆಯ ಒಂದೇ ಮೇಜು, ವಾರವಿಡೀ. ಏನು ಓದಬೇಕೆಂಬುದು ಹಿಂದಿನ ರಾತ್ರಿಯೇ ಚೀಟಿಯಲ್ಲಿ. ಒಬ್ಬ ಸಹಪಾಠಿ ಎದುರು ಕುಳಿತು ತನ್ನ ಪಾಡಿಗೆ ಓದಿಕೊಳ್ಳುತ್ತಾನೆ. ಯಾರೋ ಹತ್ತಿರದಲ್ಲಿ ಕೆಲಸ ಮಾಡುತ್ತಿದ್ದರೆ ನನಗೂ ಕೆಲಸ ಶುರುವಾಗುತ್ತದೆ. ‘ಎಲ್ಲರೊಂದಿಗೆ ಬೆರೆ’ ಎಂಬ ಸಲಹೆಯಿಂದ ಮಾತ್ರ ಏನೂ ಆಗಲಿಲ್ಲ. ಗೆಳೆತನ ಸಿಕ್ಕಿದ್ದು ಖಗೋಳ ಆಸಕ್ತರ ಕೂಟದಲ್ಲಿ, ಏಕೆಂದರೆ ಅಲ್ಲಿ ಮಾತಿಗೆ ಒಂದು ವಿಷಯವಿತ್ತು.

ಗುಂಪು ಕೆಲಸದಲ್ಲಿ ಮೊದಲು ಜಗಳವೇ ಆಯಿತು. ನಾನು ಮುಖ ನೋಡದೆ ಉತ್ತರಿಸುವುದನ್ನು ಗುಂಪಿನವರು ಅಹಂಕಾರ ಎಂದುಕೊಂಡರು. ಅವರು ‘ನೋಡೋಣ’ ಎಂದದ್ದು ‘ಬೇಡ’ ಎಂಬರ್ಥದಲ್ಲಿ ಎಂದು ನನಗೆ ತಿಳಿಯಲಿಲ್ಲ. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಇದನ್ನೇ ವಿವರಿಸಿದ್ದರು: ಅರ್ಥವಾಗದಿರುವುದು ಎರಡೂ ಕಡೆಯ ಕೊರತೆ, ಒಬ್ಬರ ತಲೆಯೊಳಗಿನ ದೋಷವಲ್ಲ. ಅಂದಿನಿಂದ ಪ್ರತಿ ಸಭೆ ಮುಗಿದ ಮೇಲೆ ಯಾರು ಏನು ಮಾಡಬೇಕೆಂದು ಬರೆದು ಎಲ್ಲರಿಗೂ ಕಳಿಸುವ ಹೊಣೆ ಹೊತ್ತೆ. ಎರಡನೇ ಸಲಕ್ಕೆ ಅವರೇ ಅದನ್ನು ಕೇಳತೊಡಗಿದರು.

ಯಾರಿಗೆ ಹೇಳಬೇಕು ಎಂಬುದರಲ್ಲಿ ನನ್ನ ನಿಲುವು ಖಚಿತ. ಎಲ್ಲರಿಗೂ ಹೇಳಬೇಕಿಲ್ಲ. ಏನು ಬೇಕು ಎಂಬುದು ಎಲ್ಲ ಉಪನ್ಯಾಸಕರಿಗೂ ಗೊತ್ತಿತ್ತು. ಏಕೆ ಬೇಕು ಎಂಬುದು ಪೂರ್ತಿಯಾಗಿ ಗೊತ್ತಿದ್ದದ್ದು ನಾಲ್ಕು ಜನರಿಗೆ ಮಾತ್ರ.

ಗುರುತಿನ ಚೀಟಿಯ ಹಿಂದೆ ಒಂದು ಸಣ್ಣ ಕಾರ್ಡ್ ಇಟ್ಟುಕೊಂಡಿದ್ದೆ. ‘ನನಗೆ ಈಗ ಮಾತನಾಡಲು ಆಗುತ್ತಿಲ್ಲ. ಅಪಾಯವೇನೂ ಇಲ್ಲ. ಸದ್ದಿಲ್ಲದ ಜಾಗ ಮತ್ತು 20 ನಿಮಿಷ ಬೇಕು. ಮುಟ್ಟಬೇಡಿ.’ ಮೂರನೇ ಸೆಮಿಸ್ಟರಿನಲ್ಲಿ, ಪ್ರಯೋಗಾಲಯದ ಅಲಾರಂ ಅನಿರೀಕ್ಷಿತವಾಗಿ ಕೂಗಿದ ದಿನ, ಅದನ್ನು ಮೊದಲ ಬಾರಿ ಹೊರತೆಗೆದೆ. ಗ್ರಂಥಾಲಯದ ಆ ಸಹಪಾಠಿಯೇ ಓದಿದ. ಪಕ್ಕದ ಖಾಲಿ ಕೊಠಡಿಯ ದೀಪ ಆರಿಸಿದ, ನನ್ನನ್ನು ಒಳಗೆ ಬಿಟ್ಟು ಬಾಗಿಲ ಹೊರಗೆ ನಿಂತ, ಬಂದವರನ್ನೆಲ್ಲ ಸನ್ನೆಯಿಂದಲೇ ಹಿಂದಕ್ಕೆ ಕಳಿಸಿದ. ಮಾತು ಮರಳಿದ ಮೇಲೆ ಹೊರಬಂದೆ. ‘ನಾನು ಒಳಗೆ ಬಂದು ಕೂರಬಹುದಿತ್ತೇ? ಕಾರ್ಡಿನಲ್ಲಿ ಅದನ್ನು ಬರೆದಿರಲಿಲ್ಲ’ ಎಂದು ಕೇಳಿದ. ಅಂದು ರಾತ್ರಿ ಕಾರ್ಡನ್ನು ಹೊಸದಾಗಿ ಬರೆದೆ, ಕೊನೆಗೆ ಒಂದು ಸಾಲು ಸೇರಿಸಿ: ‘ಮಾತನಾಡದೆ ಹತ್ತಿರ ಕುಳಿತರೆ ಒಳ್ಳೆಯದು.’