ಹಳೆಯ ಇಂಗ್ಲಿಷ್ ಕಪ್ಪುಬಸಿಯನ್ನು ಕೆಡಿಸದೆ ಬಳಸುವುದು ಹೇಗೆ?

ಹಳೆಯ ಇಂಗ್ಲಿಷ್ ಪಿಂಗಾಣಿಯ ಚಹಾ ಪಾತ್ರೆಗಳು ಕೈಜಾರಿ ಒಡೆಯುವುದಕ್ಕಿಂತ ಹೆಚ್ಚಾಗಿ ಶುಚಿಗೊಳಿಸುವ ಉತ್ಸಾಹದಲ್ಲೇ ಹಾಳಾಗುವುದನ್ನು ನಾನು ಕಂಡಿದ್ದೇನೆ.

ಮೊದಲು ಕಪ್ಪನ್ನು ಅಂಗೈ ಮೇಲಿಟ್ಟು ಅಂಚಿಗೆ ಉಗುರಿನಿಂದ ಮೆಲ್ಲನೆ ತಟ್ಟಿ. ದನಿ ಗಂಟೆಯಂತೆ ನಿಂತು ಮೊಳಗಬೇಕು. ಮಂಕಾಗಿ ಕೇಳಿಸಿದರೆ ಸೀಳಿರಬಹುದು ಅಥವಾ ಹಿಂದೆ ಯಾರೋ ಅಂಟಿಸಿರಬಹುದು. ಬಿಸಿನೀರಿಗೆ ಹಳೆಯ ಅಂಟು ಬಿಟ್ಟುಕೊಳ್ಳುವುದರಿಂದ ಅಂಥದ್ದನ್ನು ಮುಳುಗಿಸದೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಉಳಿದವನ್ನು ಟವೆಲ್ ಹಾಸಿದ ಪ್ಲಾಸ್ಟಿಕ್ ಬೇಸಿನ್ನಿನಲ್ಲಿ, ಉಂಗುರ ತೆಗೆದಿಟ್ಟು, ಉಗುರುಬೆಚ್ಚಗಿನ ಸಾಬೂನು ನೀರಿನಿಂದ ಒಂದೊಂದಾಗಿ ತೊಳೆಯಿರಿ.

ಕಷ್ಟವಿರುವುದು ಕಪ್ಪಿನೊಳಗಿನ ಕಂದು ಕಲೆಯಲ್ಲಿ. ಚಹಾದ ಒಗರು ಮೆರುಗಿನ, ಅಂದರೆ ಪಿಂಗಾಣಿಯ ಗಾಜಿನಂಥ ಹೊರಲೇಪದ, ಮೇಲೆ ಪದರವಾಗಿ ಕೂತಿದ್ದರೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಬೆರಳ ತುದಿಯಿಂದ ಉಜ್ಜಬಹುದು, ಆದರೆ ಅದು ಚಿನ್ನದ ಗೆರೆಗೆ ತಾಗಕೂಡದು. ಚಿನ್ನವನ್ನು ಮೆರುಗಿನ ಮೇಲೆ ಬಳಿದು ಕಡಿಮೆ ಶಾಖದಲ್ಲಿ ಸುಟ್ಟಿರುವುದರಿಂದ ಉಜ್ಜಿದಷ್ಟೂ ಅದು ಸವೆಯುತ್ತದೆ. ಡಿಶ್‌ವಾಷರ್ ಅಂತೂ ಬೇಡವೇ ಬೇಡ. ಕಲೆ ಕೂದಲೆಳೆಯಂಥ ಸೀಳಿನೊಳಗೆ ಇಳಿದಿದ್ದರೆ ಹಲವರು ಬ್ಲೀಚ್ ಸುರಿಯುತ್ತಾರೆ. ಸೀಳಿನೊಳಗೆ ಹೊಕ್ಕ ಬ್ಲೀಚ್ ಒಣಗುವಾಗ ಅದರ ಲವಣ ಹರಳುಗಟ್ಟಿ ಮೆರುಗನ್ನು ಅಡಿಯಿಂದ ಎಬ್ಬಿಸುತ್ತದೆ, ಕಲೆ ಹೋಯಿತೆಂದು ಸಂತೋಷಪಟ್ಟ ಮೇಲೆ ಚಕ್ಕೆಗಳು ಏಳತೊಡಗುತ್ತವೆ. ಪಾತ್ರೆ ಉಜ್ಜುವ ಪುಡಿಗಳೂ ಗೀರು ಬೀಳಿಸುವಂಥವೇ. ಅಂಥ ಕಲೆಯನ್ನು ಹಾಗೆಯೇ ಬಿಡಿ.

ಚಹಾ ಹಾಕುವ ಮುನ್ನ ಟೀಪಾಟನ್ನು ಮೊದಲು ಬೆಚ್ಚನೆಯ, ಆಮೇಲೆ ಬಿಸಿ ನೀರಿನಿಂದ ಕಾಯಿಸಿ. ಹದಿನೆಂಟನೆಯ ಶತಮಾನದ ಅನೇಕ ಇಂಗ್ಲಿಷ್ ಪಿಂಗಾಣಿಗಳು ಕುದಿನೀರಿಗೆ ಬಿರಿಯುತ್ತಿದ್ದವು. 1751ರಲ್ಲಿ ಆರಂಭವಾದ ವುಸ್ಟರ್ ಕಾರ್ಖಾನೆ ಬಳಪದ ಕಲ್ಲಿನ ಪುಡಿ ಬೆರೆಸಿ ಬಿಸಿಯನ್ನು ತಾಳುವ ಪಾತ್ರೆ ಮಾಡಿಯೇ ಹೆಸರು ಗಳಿಸಿತು. 1784ರಲ್ಲಿ ಬ್ರಿಟನ್ನಿನಲ್ಲಿ ಚಹಾದ ಮೇಲಿನ ತೆರಿಗೆ ಶೇ 119ರಿಂದ ಶೇ 12.5ಕ್ಕೆ ಇಳಿದು ಚಹಾ ಮನೆಮನೆಗೂ ಹರಡಿದಾಗ, ಸ್ಪೋಡ್ ಕಾರ್ಖಾನೆ ಅರ್ಧದಷ್ಟು ಮೂಳೆಬೂದಿಯಿಂದ ಗಟ್ಟಿಯಾದ ಬೋನ್ ಚೈನಾವನ್ನು ಹದಗೊಳಿಸಿತು. ಆದರೂ ಇನ್ನೂರು ವರ್ಷ ದಾಟಿದ ಪಾತ್ರೆಗೆ ನೇರವಾಗಿ ಕುದಿನೀರು ಸುರಿಯುವುದು ಸಲ್ಲದು.

ಕಪ್ಪಿಗೆ ಮೊದಲು ಹಾಲು, ಆಮೇಲೆ ಡಿಕಾಕ್ಷನ್ ಹಾಕಬೇಕೆಂಬುದು ನನ್ನ ದೃಢ ಅಭಿಪ್ರಾಯ. ತೆಳುವಾದ ಗೋಡೆಗೆ ಒಮ್ಮೆಗೇ ಬಿಸಿ ತಗಲುವುದಿಲ್ಲ. ನಿಂಬೆರಸವನ್ನು ಮಾತ್ರ ಹಿಂಡಬೇಡಿ, ಹಳೆಯ ಮೆರುಗಿನಲ್ಲಿ ಸೀಸವಿರುವುದರಿಂದ ಹುಳಿ ಅದನ್ನು ಚಹಾಕ್ಕೆ ಇಳಿಸುತ್ತದೆ. ಇದೇ ಕಾರಣಕ್ಕೆ ಇವು ದಿನಬಳಕೆಗೂ ತಕ್ಕವಲ್ಲ, ಅಪರೂಪಕ್ಕೆ ಬಳಸಿ. ಕುಡಿದಾದ ಕೂಡಲೇ ತೊಳೆದು ಒರೆಸಿ, ಹಿಡಿಯಿಂದ ತೂಗುಹಾಕದೆ, ಒಂದರೊಳಗೊಂದು ಪೇರಿಸದೆ, ಬಸಿಗಳ ನಡುವೆ ಮೆತ್ತನೆಯ ಬಟ್ಟೆಯಿಟ್ಟು ಬೀರುವಿಗೆ ಸೇರಿಸಿ.